ತಂತ್ರಾಂಶದ ಆರಂಭ ಶಿಲ್ಕು: ಜ್ಯಾಂಗೊ ಪ್ಲಗಿನ್‌ಗಳಲ್ಲಿ ಮೊದಲ ದತ್ತಾಂಶ ತುಂಬುವ ಕ್ರಮ

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಖಾತೆಪುಸ್ತಕಕ್ಕೆ ಅರಿಶಿನ ಕುಂಕುಮವಿಟ್ಟು ಪೂಜಿಸುವ ಸಂಪ್ರದಾಯ ನಮ್ಮ ಪೇಟೆಗಳಲ್ಲಿ ಇಂದಿಗೂ ಉಳಿದಿದೆ. ಹಿಂದೆ ಪುಸ್ತಕ ಬದಲಾಯಿಸಿದಾಗ ಗುಮಾಸ್ತರು ಮೊದಲು ಮಾಡುತ್ತಿದ್ದ ಕೆಲಸ, ಹಳೆಯ ಪುಸ್ತಕದ ಆಖೈರು ಶಿಲ್ಕನ್ನು ಹೊಸದರಲ್ಲಿ ಆರಂಭ ಶಿಲ್ಕಾಗಿ ಇಳಿಸುವುದು. ಆ ಒಂದು ಪುಟದಲ್ಲಿ ತಪ್ಪಾದರೆ ವರ್ಷವಿಡೀ ಬರೆಯುವ ಲೆಕ್ಕವೆಲ್ಲ ತಪ್ಪುತ್ತಿತ್ತು. ಆದ್ದರಿಂದ ಎಷ್ಟೇ ನಂಬಿಗಸ್ತ ಗುಮಾಸ್ತರಿದ್ದರೂ ಆ ಪುಟವನ್ನು ಯಜಮಾನರು ತಾವೇ ಕುಳಿತು ತಾಳೆ ನೋಡುತ್ತಿದ್ದರು. ಗಣಕಯಂತ್ರ ಬಂದ ಮೇಲೆ ಆ ಪುಟ ಇಲ್ಲವಾಗಲಿಲ್ಲ. ಕಣ್ಣಿಗೆ ಬೀಳದ ಸ್ಥಳಕ್ಕೆ ಸರಿಯಿತು. ತಂತ್ರಾಂಶವನ್ನು ಅಳವಡಿಸಿದ ದಿನ ಅದರ ದತ್ತಸಂಚಯದೊಳಗೆ ಏನು ತುಂಬಲ್ಪಟ್ಟಿತು, ಯಾರು ತುಂಬಿದರು, ಮುಂದಿನ ಸಲ ತಂತ್ರಾಂಶವನ್ನು ಪರಿಷ್ಕರಿಸಿದಾಗ ಅದೇ ದತ್ತಾಂಶ ಮತ್ತೊಮ್ಮೆ ತುಂಬಲ್ಪಡುವುದೇ ಎಂಬುದನ್ನು ಇಂದು ತಾಳೆ ನೋಡುವವರು ವಿರಳ. ಪ್ರಸ್ತುತ ಲೇಖನ ಆ ಪುಟವನ್ನು ಕುರಿತದ್ದು. ತಂತ್ರಾಂಶ ಬರೆಯುವವರಿಗೆ ಇದರಲ್ಲಿ ಪಾಠವಿದೆ. ಬರೆಸಿಕೊಳ್ಳುವ ಸದಸ್ಯರಿಗೆ ಕೇಳಬೇಕಾದ ಪ್ರಶ್ನೆಗಳಿವೆ.

ಸಿದ್ಧ ತಂತ್ರಾಂಶವನ್ನು ಕೊಳ್ಳುವವರ ಜೊತೆಗೆ, ತಮ್ಮ ವ್ಯವಹಾರಕ್ಕೆ ಹೊಂದುವಂತೆ ಬರೆಸಿಕೊಳ್ಳುವ ಸಂಸ್ಥೆಗಳೂ ಈಗ ಸಾಕಷ್ಟಿವೆ. ಹಾಗೆ ಬರೆಸುವಾಗ ಎಲ್ಲವನ್ನೂ ಬುನಾದಿಯಿಂದ ಕಟ್ಟುವುದಿಲ್ಲ. ವೆಬ್ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟನ್ನು ತೆಗೆದುಕೊಂಡು ಅದರ ಮೇಲೆ ಕಟ್ಟುತ್ತಾರೆ. ಅಂತಹ ಚೌಕಟ್ಟುಗಳಲ್ಲಿ ಜ್ಯಾಂಗೊ ಪ್ರಸಿದ್ಧವಾದದ್ದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ಒಂದು ದಿನಪತ್ರಿಕೆಯ ಕಚೇರಿಯಲ್ಲಿ ಹುಟ್ಟಿ, 2005ರ ಜುಲೈನಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ಬಿಡುಗಡೆಯಾದ ಇದು ಪೈಥಾನ್ ಭಾಷೆಯಲ್ಲಿದೆ. ಬಳಕೆದಾರರ ಪ್ರವೇಶ, ತೆರಿಗೆ ಲೆಕ್ಕ, ವರದಿ ಮುದ್ರಣ ಮುಂತಾದ ಒಂದೊಂದು ಕೆಲಸಕ್ಕೂ ಈ ಚೌಕಟ್ಟಿಗೆ ಜೋಡಿಸಬಹುದಾದ ಸಿದ್ಧ ಬಿಡಿಭಾಗಗಳು ದೊರೆಯುತ್ತವೆ. ಜ್ಯಾಂಗೊ ಬಲ್ಲವರು ಇವನ್ನು ಆ್ಯಪ್ ಎನ್ನುತ್ತಾರೆ. ಮೊಬೈಲ್ ಫೋನಿನ ಆ್ಯಪ್‌ನೊಡನೆ ಗೊಂದಲವಾಗದಿರಲೆಂದು ನಾನು ಇಲ್ಲಿ ಪ್ಲಗಿನ್ ಎಂದೇ ಕರೆಯುತ್ತೇನೆ.

ಪ್ಲಗಿನ್ ಜೋಡಿಸಿದೊಡನೆ ಅದಕ್ಕೆ ಬೇಕಾದ ಕೋಷ್ಟಕಗಳು ದತ್ತಸಂಚಯದಲ್ಲಿ ನಿರ್ಮಾಣವಾಗುತ್ತವೆ, ಆದರೆ ಖಾಲಿಯಾಗಿ. ತೆರಿಗೆ ಪ್ಲಗಿನ್ ಎಂದರೆ ರಾಜ್ಯ ಸಂಕೇತಗಳ ಕೋಷ್ಟಕ, ಎಚ್‌ಎಸ್‌ಎನ್ ಸಂಖ್ಯೆ ಮತ್ತು ದರಗಳ ಕೋಷ್ಟಕ, ಕಿಲೋ, ಚೀಲ, ಡಜನ್ ಎಂಬ ಅಳತೆಗಳ ಕೋಷ್ಟಕ ಇರಬೇಕು. ಇವು ತುಂಬದೆ ಮೊದಲ ಬಿಲ್ಲನ್ನೂ ಮಾಡಲಾಗದು. ಹೀಗೆ ವ್ಯವಹಾರ ಆರಂಭವಾಗುವ ಮೊದಲೇ ಒಳಗಿರಬೇಕಾದ ಸಾಲುಗಳೇ ಆರಂಭಿಕ ದತ್ತಾಂಶ.

ಎರಡು ದಿನದ ಬಿಲ್ಲುಗಳು

ಸಿಮೆಂಟ್ ಮತ್ತು ಕಟ್ಟಡ ಸಾಮಗ್ರಿಗಳ ಸಗಟು ವ್ಯಾಪಾರ ನಡೆಸುವ ಸಂಸ್ಥೆಯೊಂದರಲ್ಲಿ ನಾನು ಕಂಡ ಘಟನೆಯನ್ನು ಹೇಳುವುದು ಇಲ್ಲಿ ಉಚಿತ. 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯ ದರಗಳು ಪರಿಷ್ಕೃತವಾದುದು ಸದಸ್ಯರಿಗೆ ತಿಳಿದೇ ಇದೆ. ಸಿಮೆಂಟಿನ ದರ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಆ ಸಂಸ್ಥೆಯ ಲೆಕ್ಕಿಗರು ಹಿಂದಿನ ರಾತ್ರಿ ಹನ್ನೊಂದು ಗಂಟೆಯವರೆಗೆ ಕುಳಿತು, ತಂತ್ರಾಂಶದ ಆಡಳಿತ ಪರದೆಯಲ್ಲಿ ಒಂದೊಂದೇ ಸರಕಿನ ದರವನ್ನು ಕೈಯಾರೆ ತಿದ್ದಿದರು. ಬೆಳಿಗ್ಗೆಯಿಂದ ಬಿಲ್ಲುಗಳು ಸರಿಯಾಗಿ ಬಂದವು.

ಕೆಲವು ವಾರಗಳ ನಂತರ ತಂತ್ರಾಂಶ ಬರೆದುಕೊಟ್ಟವರು ವರದಿಯ ಒಂದು ಸಣ್ಣ ದೋಷವನ್ನು ಸರಿಪಡಿಸಿ ಹೊಸ ಆವೃತ್ತಿಯನ್ನು ಅಳವಡಿಸಿದರು. ಅಳವಡಿಕೆಯ ಕೆಲಸಗಳನ್ನು ಸಾಲಾಗಿ ನಡೆಸುವ ಒಂದು ಕಡತವಿತ್ತು. ಅದರ ಕೊನೆಯ ಸಾಲು, ತೆರಿಗೆ ಪ್ಲಗಿನ್‌ನ ಆರಂಭಿಕ ದತ್ತಾಂಶವನ್ನು ತುಂಬುವ ಆಜ್ಞೆ. ಮೂರು ವರ್ಷಗಳ ಹಿಂದೆ ಮೊದಲ ಅಳವಡಿಕೆಗೆಂದು ಬರೆದದ್ದು ಹಾಗೆಯೇ ಉಳಿದಿತ್ತು. ಪ್ಲಗಿನ್ ಜೊತೆಗೆ ಬಂದಿದ್ದ ದರಗಳ ಪಟ್ಟಿ ಹಳೆಯದು. ಕ್ಷಣಾರ್ಧದಲ್ಲಿ ಸಿಮೆಂಟ್ ಮತ್ತೆ ಶೇಕಡಾ 28 ಆಯಿತು. ಯಾವ ದೋಷಸೂಚನೆಯೂ ಪರದೆಯ ಮೇಲೆ ಬರಲಿಲ್ಲ. ಯಂತ್ರದ ದೃಷ್ಟಿಯಲ್ಲಿ ಎಲ್ಲವೂ ಯಶಸ್ವಿಯಾಗಿಯೇ ನಡೆದಿತ್ತು.

ಒಂದು ಲಕ್ಷ ರೂಪಾಯಿಯ ಸಿಮೆಂಟಿಗೆ 18,000 ರೂಪಾಯಿ ತೆರಿಗೆಯ ಬದಲು 28,000. ಎರಡನೆಯ ದಿನದ ಸಂಜೆ ಗುತ್ತಿಗೆದಾರರೊಬ್ಬರು ದೂರವಾಣಿ ಮಾಡಿ ಕೇಳಿದ ಮೇಲಷ್ಟೇ ವಿಷಯ ಬಯಲಾಯಿತು. ಅಷ್ಟರಲ್ಲಿ ನೂರಕ್ಕೂ ಮಿಕ್ಕಿ ಬಿಲ್ಲುಗಳು ಹೊರಗೆ ಹೋಗಿದ್ದವು. ನೋಂದಾಯಿತ ಗ್ರಾಹಕರ ಬಿಲ್ಲುಗಳು ಇ-ಇನ್‌ವಾಯ್ಸ್ ಆಗಿದ್ದುದರಿಂದ, ಅವನ್ನು ಪೋರ್ಟಲ್‌ನಲ್ಲಿ ರದ್ದುಪಡಿಸಲು 24 ಗಂಟೆಗಳ ಅವಕಾಶ ಮಾತ್ರ ಇತ್ತು. ಮೊದಲ ದಿನದವುಗಳಿಗೆ ಆ ಗಡುವು ಮೀರಿತ್ತು. ಒಂದೊಂದಕ್ಕೂ ಕ್ರೆಡಿಟ್ ನೋಟ್ ಕೊಡಬೇಕಾಯಿತು. ಸ್ವಂತ ಮನೆ ಕಟ್ಟುತ್ತಿದ್ದ ನೋಂದಣಿಯಿಲ್ಲದ ಗ್ರಾಹಕರನ್ನು ಹುಡುಕಿ ಹಣ ಮರಳಿಸುವುದು ಇನ್ನೂ ಕಷ್ಟವಾಯಿತು. ತೆರಿಗೆಯೆಂದು ವಸೂಲು ಮಾಡಿದ ಹಣವನ್ನು ವ್ಯಾಪಾರಿ ಇಟ್ಟುಕೊಳ್ಳುವಂತಿಲ್ಲ, ಅದು ಸರ್ಕಾರಕ್ಕೆ ಸಲ್ಲಬೇಕಾದದ್ದು ಎಂಬುದು ಕಾಯಿದೆಯ 76ನೇ ವಿಧಿ. ಹೆಚ್ಚಾಗಿ ಪಡೆದದ್ದರಿಂದ ಇಷ್ಟು. ಇದೇ ತಪ್ಪು ಮೇಲ್ಮುಖದ ಬದಲು ಕೆಳಮುಖವಾಗಿದ್ದರೆ ಕೊರತೆಯ ತೆರಿಗೆಯನ್ನೂ ಅದರ ಮೇಲೆ ವಾರ್ಷಿಕ ಶೇಕಡಾ 18ರ ಬಡ್ಡಿಯನ್ನೂ ಸಂಸ್ಥೆಯೇ ಕೈಯಿಂದ ತೆರಬೇಕಾಗುತ್ತಿತ್ತು.

ತಂತ್ರಾಂಶಕಾರರನ್ನು ದೂರುವುದು ಸುಲಭ. ಆದರೆ ಅವರು ಬಳಸಿದ ವಿಧಾನ ಜ್ಯಾಂಗೊ ಕಲಿಯುವ ಪ್ರತಿಯೊಬ್ಬರೂ ಮೊದಲಿಗೆ ಕಲಿಯುವಂಥದೇ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಫಿಕ್ಸ್‌ಚರ್ ಎಂಬ ಕಡತ

ಆರಂಭಿಕ ದತ್ತಾಂಶವನ್ನು ಒಂದು ಪಠ್ಯ ಕಡತದಲ್ಲಿ ಬರೆದಿಡುವುದನ್ನು ಜ್ಯಾಂಗೊದಲ್ಲಿ ಫಿಕ್ಸ್‌ಚರ್ ಎನ್ನುತ್ತಾರೆ. ಸಾಮಾನ್ಯವಾಗಿ ಜೇಸನ್ ಎಂಬ ವಿನ್ಯಾಸದಲ್ಲಿರುವ ಈ ಕಡತದಲ್ಲಿ ಪ್ರತಿಯೊಂದು ನಮೂದಿಗೂ ಮೂರು ಅಂಗಗಳು: ಯಾವ ಕೋಷ್ಟಕ, ಅದರಲ್ಲಿ ಎಷ್ಟನೆಯ ಕ್ರಮಸಂಖ್ಯೆಯ ಸಾಲು, ಆ ಸಾಲಿನಲ್ಲಿ ಏನೇನಿರಬೇಕು. ಪ್ಲಗಿನ್ ಕೋಶದೊಳಗಿನ ಫಿಕ್ಸ್‌ಚರ್ ಉಪಕೋಶದಲ್ಲಿ ಇದನ್ನಿಟ್ಟು ‘ಲೋಡ್‌ಡೇಟಾ’ ಎಂಬ ಆಜ್ಞೆ ಕೊಟ್ಟರೆ ಸಾಲುಗಳೆಲ್ಲ ದತ್ತಸಂಚಯಕ್ಕೆ ಇಳಿಯುತ್ತವೆ. ಕೈಯಿಂದ ಮುನ್ನೂರು ಸಾಲು ಟೈಪು ಮಾಡುವ ಶ್ರಮ ತಪ್ಪುತ್ತದೆ. ಖಾಲಿ ದತ್ತಸಂಚಯಕ್ಕೆ ಇದರಷ್ಟು ಅನುಕೂಲವಾದ ವಿಧಾನ ಮತ್ತೊಂದಿಲ್ಲ.

ಖಾಲಿಯಿಲ್ಲದಾಗ ಏನಾಗುತ್ತದೆ ಎಂಬುದೇ ಮುಖ್ಯ. ಆ ಕ್ರಮಸಂಖ್ಯೆಯ ಸಾಲು ಆಗಲೇ ಇದ್ದರೆ ಲೋಡ್‌ಡೇಟಾ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ, ನಿಲ್ಲಿಸಿ ಕೇಳುವುದೂ ಇಲ್ಲ. ಇದ್ದ ಸಾಲಿನ ಮೇಲೆಯೇ ಬರೆಯುತ್ತದೆ. ಅಷ್ಟೇ ಅಲ್ಲದೆ, ಕಡತದಲ್ಲಿ ಹೇಳದೆ ಬಿಟ್ಟ ಅಂಕಣಗಳಿಗೂ ಅವುಗಳ ಪೂರ್ವನಿಗದಿತ ಬೆಲೆಯನ್ನೇ ತುಂಬುತ್ತದೆ. ಸಂಸ್ಥೆಯವರು ಸರಕಿನ ಸಾಲಿನಲ್ಲಿ ತಮ್ಮ ಅನುಕೂಲಕ್ಕೆಂದು ಬರೆದುಕೊಂಡ ಟಿಪ್ಪಣಿ ಖಾಲಿಯಾಗಿಬಿಡಬಹುದು.

ಇದು ಚೌಕಟ್ಟು ಕಟ್ಟಿದವರಿಗೂ ತಡವಾಗಿ ಅರಿವಾದ ಸಂಗತಿ. ಮೊದಲಿನ ಆವೃತ್ತಿಗಳಲ್ಲಿ ‘ಇನಿಷಿಯಲ್ ಡೇಟಾ’ ಎಂಬ ಹೆಸರಿನ ಫಿಕ್ಸ್‌ಚರ್ ಇಟ್ಟರೆ ಸಾಕಿತ್ತು; ಕೋಷ್ಟಕಗಳನ್ನು ನವೀಕರಿಸುವ ಆಜ್ಞೆಯನ್ನು ಕೊಟ್ಟಾಗಲೆಲ್ಲ ಅದು ತಾನಾಗಿಯೇ ತುಂಬಿಕೊಳ್ಳುತ್ತಿತ್ತು. ಅಂದರೆ ನಾನು ಮೇಲೆ ಹೇಳಿದ ಸಿಮೆಂಟಿನ ಅವಘಡ ಪ್ರತಿ ನವೀಕರಣಕ್ಕೂ ತಪ್ಪದೆ ನಡೆಯುವಂತಹ ವ್ಯವಸ್ಥೆ. 2014ರ ಸೆಪ್ಟೆಂಬರ್‌ನಲ್ಲಿ ಬಂದ 1.7ನೇ ಆವೃತ್ತಿಯಲ್ಲಿ ಮೈಗ್ರೇಷನ್ ಎಂಬ ಹೊಸ ಪದ್ಧತಿಯನ್ನು ತಂದು ಇದನ್ನು ಬಳಕೆಯಿಂದ ಹಿಂದೆಗೆಯಲು ಆರಂಭಿಸಿದರು. 2015ರ ಡಿಸೆಂಬರ್‌ನಲ್ಲಿ ಬಂದ 1.9ನೇ ಆವೃತ್ತಿಯಲ್ಲಿ ಪೂರ್ಣವಾಗಿ ಕಿತ್ತುಹಾಕಿದರು. ಆದರೆ ಅಳವಡಿಕೆಯ ಕಡತದಲ್ಲಿ ಲೋಡ್‌ಡೇಟಾ ಎಂಬ ಸಾಲನ್ನು ಸೇರಿಸಿ ಅದೇ ಹಳೆಯ ಅಭ್ಯಾಸವನ್ನು ಮುಂದುವರಿಸುವವರನ್ನು ಯಾರೂ ತಡೆಯಲಾಗದು.

ಪುಟಸಂಖ್ಯೆಯೋ, ಹೆಸರೋ?

ಕ್ರಮಸಂಖ್ಯೆಯ ವಿಷಯವನ್ನು ಇನ್ನಷ್ಟು ನೋಡಬೇಕು. ಪ್ರೈಮರಿ ಕೀ ಎಂದು ಕರೆಯುವ ಈ ಸಂಖ್ಯೆ ಖತಾವಣಿಯ ಪುಟಸಂಖ್ಯೆ ಇದ್ದಂತೆ. ಈ ವರ್ಷದ ಪುಸ್ತಕದಲ್ಲಿ ಒಬ್ಬ ಗಿರಾಕಿಯ ಖಾತೆ 38ನೇ ಪುಟದಲ್ಲಿದ್ದರೆ ಮುಂದಿನ ವರ್ಷ 52ರಲ್ಲಿರಬಹುದು; ಪಕ್ಕದ ಅಂಗಡಿಯ ಪುಸ್ತಕದ 38ನೇ ಪುಟದಲ್ಲಿ ಇನ್ನಾರದೋ ಖಾತೆ ಇರುತ್ತದೆ. ಪುಟಸಂಖ್ಯೆ ಪುಸ್ತಕದ ಒಳಗಿನ ಅನುಕೂಲಕ್ಕೆ ಮಾತ್ರ. ಪ್ಲಗಿನ್ ಬರೆದವರು ತಮ್ಮ ಯಂತ್ರದಲ್ಲಿ 38ನೇ ಸಾಲಿಗೆ ಒಂದು ರಾಜ್ಯವನ್ನು ಸೇರಿಸಿ ಕಳುಹಿಸುತ್ತಾರೆ. ನಿಮ್ಮ ಯಂತ್ರದಲ್ಲಿ ಆ ಸಂಖ್ಯೆಯ ಸಾಲನ್ನು ನೀವು ಆಗಲೇ ಬೇರೊಂದಕ್ಕೆ ಬಳಸಿದ್ದರೆ ಅದು ಅಳಿಸಿಹೋಗಿ, ಅದನ್ನು ಅವಲಂಬಿಸಿದ ಗಿರಾಕಿಗಳೆಲ್ಲ ಸದ್ದಿಲ್ಲದೆ ಹೊಸ ರಾಜ್ಯಕ್ಕೆ ವರ್ಗಾವಣೆಯಾಗುತ್ತಾರೆ. ಗಿರಾಕಿಯ ರಾಜ್ಯ ತಪ್ಪಿದರೆ ರಾಜ್ಯದೊಳಗಿನ ಮಾರಾಟಕ್ಕೆ ಸಲ್ಲುವ ಕೇಂದ್ರ ಮತ್ತು ರಾಜ್ಯ ತೆರಿಗೆಗಳ ಜಾಗದಲ್ಲಿ ಅಂತರರಾಜ್ಯ ತೆರಿಗೆ ಬೀಳುತ್ತದೆ ಎಂಬುದನ್ನು ವ್ಯಾಪಾರಿಗಳಿಗೆ ವಿವರಿಸಬೇಕಿಲ್ಲ.

ಇದಕ್ಕೆ ಪರಿಹಾರ, ಸಾಲನ್ನು ಅದರ ಸಹಜ ಗುರುತಿನಿಂದ ಹುಡುಕುವುದು. ಜ್ಯಾಂಗೊದಲ್ಲಿ ಇದನ್ನು ನ್ಯಾಚುರಲ್ ಕೀ ಎನ್ನುತ್ತಾರೆ. ರಾಜ್ಯಗಳಿಗೆ ಇಂತಹ ಗುರುತನ್ನು ಸರ್ಕಾರವೇ ಕೊಟ್ಟಿದೆ: ಹದಿನೈದು ಅಕ್ಷರಗಳ ಜಿಎಸ್‌ಟಿ ನೋಂದಣಿ ಸಂಖ್ಯೆಯ ಮೊದಲ ಎರಡು ಅಂಕಿಗಳು. ಕರ್ನಾಟಕ 29, ಗೋವಾ 30, ಮಹಾರಾಷ್ಟ್ರ 27, ತಮಿಳುನಾಡು 33. ಫಿಕ್ಸ್‌ಚರ್‌ನಲ್ಲಿ ಕ್ರಮಸಂಖ್ಯೆಯನ್ನು ಕೈಬಿಟ್ಟು ಈ ಸಂಕೇತದಿಂದಲೇ ಸಾಲನ್ನು ಗುರುತಿಸುವಂತೆ ಪ್ಲಗಿನ್‌ನಲ್ಲಿ ನಾಲ್ಕಾರು ಸಾಲು ಬರೆದರೆ ಸಾಕು. ನಿಮ್ಮಲ್ಲಿ ಕರ್ನಾಟಕ ಎಷ್ಟನೆಯ ಸಾಲಿನಲ್ಲಿದ್ದರೂ ಅದು ಕರ್ನಾಟಕಕ್ಕೇ ಹೋಗಿ ಸೇರುತ್ತದೆ.

ರಾಜ್ಯಗಳ ಪಟ್ಟಿ ಎಂದೂ ಬದಲಾಗದ್ದು ಎಂದು ಭಾವಿಸುವವರೂ ಇದ್ದಾರೆ. ಜಿಎಸ್‌ಟಿ ಜಾರಿಗೆ ಬಂದ 2017ರ ಜುಲೈ 1ರಿಂದೀಚೆಗೆ ಅದೂ ಬದಲಾಗಿದೆ. 2019ರ ಅಕ್ಟೋಬರ್ 31ರಂದು ಲಡಾಖ್ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾಗಿ 38 ಎಂಬ ಸಂಕೇತ ಪಡೆಯಿತು. 2020ರ ಜನವರಿ 26ರಂದು ದಮನ್ ಮತ್ತು ದಿಯು, ದಾದ್ರಾ ಮತ್ತು ನಗರ ಹವೇಲಿ ಒಂದಾದವು. ದಮನ್ ಮತ್ತು ದಿಯುವಿನ 25 ಬಳಕೆ ತಪ್ಪಿ, 26 ಉಳಿಯಿತು. ಆದರೂ 25ರ ಸಾಲನ್ನು ಅಳಿಸುವಂತಿಲ್ಲ, ಏಕೆಂದರೆ ಅದಕ್ಕೂ ಹಿಂದಿನ ಬಿಲ್ಲುಗಳು ಆ ಸಾಲನ್ನೇ ನೆಚ್ಚಿವೆ. ‘ಈಗ ಬಳಕೆಯಲ್ಲಿಲ್ಲ’ ಎಂಬ ಒಂದು ಗುರುತು ಹಾಕಿ ಹೊಸ ಬಿಲ್ಲಿನ ಪರದೆಯಲ್ಲಿ ಮಾತ್ರ ಮರೆಮಾಡಬೇಕು.

ಯಾರ ಸಾಲು?

ಇಲ್ಲಿಗೆ ಈ ಲೇಖನದ ತಿರುಳಿಗೆ ಬಂದೆವು. ಆರಂಭಿಕ ದತ್ತಾಂಶವನ್ನು ತುಂಬುವ ಮೊದಲು ಒಂದೊಂದು ಕೋಷ್ಟಕಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ತುಂಬಿದ ಮರುದಿನದಿಂದ ಈ ಸಾಲಿನ ಯಜಮಾನ ಯಾರು? ರಾಜ್ಯ ಸಂಕೇತಗಳ ಯಜಮಾನ ಪ್ಲಗಿನ್. ಸಂಸ್ಥೆಯವರು ಅದನ್ನು ತಿದ್ದುವ ಕಾರಣವೇ ಇಲ್ಲ. ಪ್ಲಗಿನ್ ಹೊಸ ಆವೃತ್ತಿಯಲ್ಲಿ ತಿದ್ದಿದರೆ ಅದು ಎಲ್ಲರಿಗೂ ತಲುಪಬೇಕು. ಗಿರಾಕಿಗಳ ಬಾಕಿ, ಗೋದಾಮಿನ ದಾಸ್ತಾನು ಇವುಗಳ ಯಜಮಾನ ಸಂಸ್ಥೆ. ಪ್ಲಗಿನ್ ಅವುಗಳ ತಂಟೆಗೇ ಹೋಗಬಾರದು. ತೊಂದರೆಯೆಲ್ಲ ಇರುವುದು ನಡುವಿನವುಗಳಲ್ಲಿ, ಅಂದರೆ ಪ್ಲಗಿನ್ ಮೊದಲ ಪ್ರತಿಯನ್ನು ಕೊಟ್ಟು, ಸಂಸ್ಥೆಯವರು ಮುಂದೆ ತಿದ್ದಿಕೊಳ್ಳುವಂಥವುಗಳಲ್ಲಿ. ತೆರಿಗೆ ದರ, ಸಿಬ್ಬಂದಿಯ ಅಧಿಕಾರಗಳು, ಬಿಲ್ಲಿನ ಸಂಖ್ಯಾಕ್ರಮದ ಮಾದರಿ ಈ ಜಾತಿಗೆ ಸೇರಿದವು. ಇವಕ್ಕೆ ಅನ್ವಯಿಸಬೇಕಾದ ನಿಯಮ, ಇಲ್ಲದಿದ್ದರೆ ಸೇರಿಸು, ಇದ್ದರೆ ಮುಟ್ಟಬೇಡ. ಜ್ಯಾಂಗೊದಲ್ಲಿ ಇದಕ್ಕೆ ‘ಗೆಟ್ ಆರ್ ಕ್ರಿಯೇಟ್’ ಎಂಬ ವಿಧಾನವಿದೆ. ಪ್ಲಗಿನ್ ಯಜಮಾನನಾಗಿರುವ ಕೋಷ್ಟಕಗಳಿಗೆ ‘ಅಪ್‌ಡೇಟ್ ಆರ್ ಕ್ರಿಯೇಟ್’, ಅಂದರೆ ಇದ್ದರೆ ಸರಿಪಡಿಸು, ಇಲ್ಲದಿದ್ದರೆ ಸೇರಿಸು. ಹೆಸರಿನಲ್ಲಿ ಒಂದು ಪದದ ವ್ಯತ್ಯಾಸ. ಪರಿಣಾಮ ಸಿಮೆಂಟಿನ ಪ್ರಕರಣದಷ್ಟು.

ದರಗಳ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ಒಂದು ಸರಕಿಗೆ ಒಂದೇ ದರ ಎಂಬ ಕೋಷ್ಟಕವೇ ಮೂಲತಃ ದೋಷಪೂರ್ಣ. ತುಪ್ಪಕ್ಕೆ 2025ರ ಸೆಪ್ಟೆಂಬರ್ 21ರವರೆಗೆ ಶೇಕಡಾ 12, ಮರುದಿನದಿಂದ 5. ಹಿಂದೆ 12ರಲ್ಲಿ ಮಾರಿದ ತುಪ್ಪ ಅಕ್ಟೋಬರ್‌ನಲ್ಲಿ ವಾಪಸು ಬಂದರೆ ಕ್ರೆಡಿಟ್ ನೋಟ್ ಮೂಲ ಬಿಲ್ಲಿನ 12ರಲ್ಲೇ ಆಗಬೇಕು. ಹಳೆಯ ದರವನ್ನು ಅಳಿಸಿ ಹೊಸದನ್ನು ಬರೆದವರಿಗೆ ಅದು ಎಲ್ಲಿ ಸಿಗಬೇಕು? ಆದ್ದರಿಂದ ಸರಕು ಮತ್ತು ಜಾರಿಗೆ ಬಂದ ದಿನಾಂಕ, ಇವೆರಡೂ ಸೇರಿ ಸಾಲಿನ ಗುರುತಾಗಬೇಕು. ಆಗ ದರ ಬದಲಾವಣೆ ಎಂದರೆ ತಿದ್ದುಪಡಿಯಲ್ಲ, ಹೊಸ ಸಾಲಿನ ಸೇರ್ಪಡೆ. ಆ ರಾತ್ರಿ ಲೆಕ್ಕಿಗರು ನಿದ್ದೆಗೆಟ್ಟು ಕೂರಬೇಕಾಗಿಯೂ ಇರಲಿಲ್ಲ. ವಾರದ ಮೊದಲೇ ಮುಂದಿನ ದಿನಾಂಕ ಹಾಕಿ ಸೇರಿಸಿಡಬಹುದಿತ್ತು.

ಮೈಗ್ರೇಷನ್ ಮೂಲಕ ತುಂಬುವುದು

ಇಂದು ಬಲ್ಲವರು ಶಿಫಾರಸು ಮಾಡುವ ವಿಧಾನ, ದತ್ತಾಂಶವನ್ನೂ ಮೈಗ್ರೇಷನ್ ಮೂಲಕವೇ ತುಂಬುವುದು. ಕೋಷ್ಟಕದ ರಚನೆಯಲ್ಲಿ ಆಗುವ ಒಂದೊಂದು ಬದಲಾವಣೆಯನ್ನೂ ಒಂದೊಂದು ಕಡತದಲ್ಲಿ ಬರೆದು, ಕ್ರಮವಾಗಿ ನಡೆಸುವುದೇ ಮೈಗ್ರೇಷನ್. ಯಾವ ಕಡತ ನಡೆದಿದೆ ಎಂಬುದನ್ನು ದತ್ತಸಂಚಯದಲ್ಲೇ ಒಂದು ಕೋಷ್ಟಕದಲ್ಲಿ ದಾಖಲಿಸಿಕೊಳ್ಳುವುದರಿಂದ ಒಮ್ಮೆ ನಡೆದದ್ದು ಮತ್ತೆ ನಡೆಯುವುದಿಲ್ಲ. ‘ರನ್‌ಪೈಥಾನ್’ ಎಂಬ ಸೌಲಭ್ಯದಿಂದ ಆ ಕಡತದೊಳಗೆ ಸಾಲುಗಳನ್ನು ತುಂಬುವ ಕಾರ್ಯವನ್ನೂ ಬರೆಯಬಹುದು.

ಪ್ಲಗಿನ್ ಬಳಸುವವರು ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ತಮ್ಮ ಸಂಸ್ಥೆಯ ದತ್ತಾಂಶದ ಕಡತವನ್ನು ಪ್ಲಗಿನ್‌ನ ಕೋಶದೊಳಗೇ ಇಡುವುದು. ಬಾಡಿಗೆ ಮನೆಯ ಗೋಡೆಗೆ ತಿಜೋರಿ ಕಟ್ಟಿಸಿದಂತೆ ಇದು. ಪ್ಲಗಿನ್‌ನ ಹೊಸ ಆವೃತ್ತಿ ಬಂದಾಗ ಹಳೆಯ ಕೋಶ ಹೋಗುತ್ತದೆ, ಜೊತೆಗೆ ನಿಮ್ಮ ಕಡತವೂ. ಅದನ್ನು ನಿಮ್ಮದೇ ಆದ ಪ್ರತ್ಯೇಕ ಕೋಶದಲ್ಲಿಟ್ಟು, ‘ಪ್ಲಗಿನ್‌ನ ಇಂಥ ಮೈಗ್ರೇಷನ್ ನಡೆದ ಮೇಲೆ ಇದು ನಡೆಯಲಿ’ ಎಂದು ಅವಲಂಬನೆಯನ್ನು ನಮೂದಿಸಬೇಕು. ಹಾಗೆ ನಮೂದಿಸದಿದ್ದರೆ ಕೋಷ್ಟಕ ಹುಟ್ಟುವ ಮೊದಲೇ ಅದರಲ್ಲಿ ಸಾಲು ತುಂಬಲು ಹೊರಟು ಅಳವಡಿಕೆ ನಿಲ್ಲಬಹುದು.

ಎರಡನೆಯದು ಸೂಕ್ಷ್ಮ. ಸಾಲು ತುಂಬುವಾಗ ಕೋಷ್ಟಕದ ಇಂದಿನ ಸ್ವರೂಪವನ್ನು ನೇರವಾಗಿ ಕರೆಯಬಾರದು. ಆ ಮೈಗ್ರೇಷನ್ ಬರೆದ ಕಾಲದ ಸ್ವರೂಪವನ್ನು ‘ಗೆಟ್ ಮಾಡೆಲ್’ ಮೂಲಕ ಪಡೆಯಬೇಕು. ಎರಡು ವರ್ಷಗಳ ನಂತರ ಕೋಷ್ಟಕಕ್ಕೆ ಹೊಸ ಅಂಕಣವೊಂದು ಸೇರಿತೆನ್ನಿ. ಹೊಸ ಶಾಖೆಯ ಖಾಲಿ ಯಂತ್ರದಲ್ಲಿ ಮೈಗ್ರೇಷನ್‌ಗಳು ಮೊದಲಿನಿಂದ ನಡೆಯುವಾಗ, ಹಳೆಯ ಕಡತ ಇನ್ನೂ ಹುಟ್ಟದ ಆ ಅಂಕಣವನ್ನು ಹುಡುಕಿ ಸೋಲುತ್ತದೆ. ಮುಖ್ಯ ಕಚೇರಿಯಲ್ಲಿ ವರ್ಷಗಟ್ಟಲೆ ಸುಗಮವಾಗಿ ನಡೆದ ತಂತ್ರಾಂಶ ಹೊಸ ಶಾಖೆಯ ಉದ್ಘಾಟನೆಯ ಹಿಂದಿನ ದಿನ ಮುಷ್ಕರ ಹೂಡುವುದು ಹೆಚ್ಚಾಗಿ ಈ ಕಾರಣಕ್ಕೆ.

ಗುಮಾಸ್ತರ ಅಧಿಕಾರಗಳು

ಬಿಲ್ಲು ಮಾಡುವವರು ಬಿಲ್ಲು ಅಳಿಸಬಾರದು, ಲೆಕ್ಕಿಗರು ದರ ತಿದ್ದಬಹುದು, ಯಜಮಾನರು ಎಲ್ಲವನ್ನೂ ನೋಡಬಹುದು ಎಂಬ ವ್ಯವಸ್ಥೆ ಯಾವ ಅಂಗಡಿಗೂ ಬೇಕಾದದ್ದು. ಜ್ಯಾಂಗೊದೊಡನೆ ಬರುವ ಪ್ರವೇಶ ನಿಯಂತ್ರಣದ ಪ್ಲಗಿನ್ ಒಂದೊಂದು ಕೋಷ್ಟಕಕ್ಕೂ ಸೇರಿಸುವ, ತಿದ್ದುವ, ಅಳಿಸುವ, ನೋಡುವ ನಾಲ್ಕು ಅನುಮತಿಗಳನ್ನು ತಾನೇ ಸೃಷ್ಟಿಸುತ್ತದೆ. ಇವನ್ನು ಗುಂಪುಗಳಿಗೆ ಹಂಚಿದರೆ ಆಯಿತು. ಈ ಹಂಚಿಕೆಯೂ ಆರಂಭಿಕ ದತ್ತಾಂಶವೇ.

ಆದರೆ ಆ ಅನುಮತಿಗಳು ಹುಟ್ಟುವುದು ಯಾವಾಗ? ಎಲ್ಲ ಮೈಗ್ರೇಷನ್‌ಗಳೂ ಮುಗಿದ ಮೇಲೆ ಹೊರಡುವ ‘ಪೋಸ್ಟ್ ಮೈಗ್ರೇಟ್’ ಎಂಬ ಸಂಕೇತದ ಸಮಯದಲ್ಲಿ. ಗುಂಪುಗಳನ್ನು ಮೈಗ್ರೇಷನ್ ಒಳಗೇ ರಚಿಸಿದರೆ, ಖಾಲಿ ಯಂತ್ರದಲ್ಲಿ ಆ ಹೊತ್ತಿಗೆ ಹಂಚಲು ಅನುಮತಿಗಳೇ ಇರುವುದಿಲ್ಲ. ಬರೆದವರ ಯಂತ್ರದಲ್ಲಿ ಅವು ಹಿಂದಿನ ದಿನವೇ ಹುಟ್ಟಿದ್ದರಿಂದ ಅಲ್ಲಿ ಎಲ್ಲವೂ ಸರಿ. ಅನುಮತಿಯನ್ನು ಒಂದೊಂದಾಗಿ ಹೆಸರು ಹಿಡಿದು ಕೇಳಿದ್ದರೆ ‘ಇಲ್ಲ’ ಎಂಬ ದೋಷವಾದರೂ ಬರುತ್ತದೆ. ಪಟ್ಟಿ ಕೊಟ್ಟು ಸಿಕ್ಕಷ್ಟನ್ನು ಸೇರಿಸು ಎಂದಿದ್ದರೆ ಗುಂಪು ಬರಿದಾಗಿಯೇ ಹುಟ್ಟುತ್ತದೆ. ಮರುದಿನ ಯಾರಿಗೂ ಪರದೆ ತೆರೆಯುವುದಿಲ್ಲ. ಅವಸರದಲ್ಲಿ ಯಾರೋ ಎಲ್ಲ ಗುಮಾಸ್ತರಿಗೂ ಸರ್ವಾಧಿಕಾರದ ಗುರುತು ಹಾಕಿ ಕೆಲಸ ನಡೆಸುತ್ತಾರೆ. ಆ ತಾತ್ಕಾಲಿಕ ವ್ಯವಸ್ಥೆ ವರ್ಷಗಟ್ಟಲೆ ಹಾಗೆಯೇ ಉಳಿದುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಗುಂಪು ರಚನೆಯನ್ನು ಪೋಸ್ಟ್ ಮೈಗ್ರೇಟ್ ಸಂಕೇತಕ್ಕೇ ಜೋಡಿಸುವುದು, ಮತ್ತು ಪ್ಲಗಿನ್‌ಗಳ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಪ್ಲಗಿನ್ ನಿಮ್ಮದಕ್ಕಿಂತ ಮೇಲಿರುವಂತೆ ನೋಡಿಕೊಳ್ಳುವುದು ಸರಿಯಾದ ದಾರಿ. ಇಲ್ಲಿಯೂ ಯಜಮಾನಿಕೆಯ ಪ್ರಶ್ನೆ ಮರೆಯಬಾರದು. ಆ ಸಂಕೇತ ಪ್ರತಿ ನವೀಕರಣಕ್ಕೂ ಹೊರಡುತ್ತದೆ. ಒಂದು ಅಚಾತುರ್ಯದ ನಂತರ ಯಜಮಾನರು ಗುಮಾಸ್ತರ ಗುಂಪಿನಿಂದ ಬಿಲ್ಲು ತಿದ್ದುವ ಅನುಮತಿಯನ್ನು ತೆಗೆದಿದ್ದರೆ, ಮುಂದಿನ ನವೀಕರಣ ಅದನ್ನು ಮರಳಿ ಕೊಟ್ಟುಬಿಡಬಾರದು. ಗುಂಪು ಹೊಸದಾಗಿ ಹುಟ್ಟಿದ ಆ ಒಂದು ಸಲ ಮಾತ್ರ ಅನುಮತಿ ಹಂಚಬೇಕು.

ಮೊದಲ ಬಳಕೆದಾರನ ವಿಷಯ ಚುಟುಕಾಗಿ ಹೇಳುತ್ತೇನೆ. ಸರ್ವಾಧಿಕಾರಿಯ ಹೆಸರು ಮತ್ತು ಗುಪ್ತಪದವನ್ನು ಫಿಕ್ಸ್‌ಚರ್‌ನಲ್ಲಿಟ್ಟು ಕಳುಹಿಸುವುದು, ಊರಿನ ಎಲ್ಲ ಅಂಗಡಿಗಳಿಗೂ ಒಂದೇ ಬೀಗದ ಕೈ ಮಾಡಿಸಿದಂತೆ. ‘ಕ್ರಿಯೇಟ್ ಸೂಪರ್‌ಯೂಸರ್’ ಆಜ್ಞೆಯಿಂದ ಸ್ಥಳದಲ್ಲೇ, ಯಜಮಾನರ ಎದುರಿನಲ್ಲೇ ಅದನ್ನು ರಚಿಸಬೇಕು.

ಆರಂಭ ಶಿಲ್ಕು

ಸಂಸ್ಥೆಯೇ ಯಜಮಾನನಾಗಿರುವ ದತ್ತಾಂಶಕ್ಕೆ, ಅಂದರೆ ಗಿರಾಕಿಗಳ ಬಾಕಿ, ಪೂರೈಕೆದಾರರ ಬಾಕಿ, ದಾಸ್ತಾನು, ಬ್ಯಾಂಕು ಮತ್ತು ನಗದು ಶಿಲ್ಕುಗಳಿಗೆ, ಮೈಗ್ರೇಷನ್ ಕೂಡ ಸೂಕ್ತವಲ್ಲ. ಮೈಗ್ರೇಷನ್ ಕಡತಗಳು ತಂತ್ರಾಂಶದ ಜೊತೆಗೆ ಅದನ್ನು ಬರೆಯುವವರ ಯಂತ್ರಗಳಿಗೂ ಹೋಗುತ್ತವೆ. ನಿಮ್ಮ ಗಿರಾಕಿಯ ಬಾಕಿ ಅಲ್ಲಿಗೆ ಹೋಗಬೇಕಾದದ್ದಲ್ಲ. ಇದಕ್ಕೆ ಪ್ರತ್ಯೇಕ ಆಜ್ಞೆಯೊಂದನ್ನು ಬರೆಸಿಕೊಳ್ಳಬೇಕು. ಹಳೆಯ ಲೆಕ್ಕದಿಂದ ತೆಗೆದ ಪಟ್ಟಿಯನ್ನು ಅದು ಓದಬೇಕು, ಖರ್ಚು ಮತ್ತು ಜಮೆಯ ಮೊತ್ತಗಳು ತಾಳೆಯಾಗದಿದ್ದರೆ ಒಂದು ಸಾಲನ್ನೂ ಬರೆಯದೆ ಹಿಂತಿರುಗಬೇಕು, ಆಗಲೇ ವ್ಯವಹಾರ ಆರಂಭವಾಗಿದ್ದರೆ ನಡೆಯಲು ನಿರಾಕರಿಸಬೇಕು. ಎಲ್ಲ ಸಾಲುಗಳನ್ನೂ ಒಂದೇ ಅಖಂಡ ವ್ಯವಹಾರವಾಗಿ ಬರೆಯುವ ‘ಅಟಾಮಿಕ್’ ಸೌಲಭ್ಯ ಇದಕ್ಕೆಂದೇ ಇದೆ. ವಿದ್ಯುತ್ ಹೋದರೂ ಅರ್ಧ ಬರೆದ ಶಿಲ್ಕು ಉಳಿಯುವುದಿಲ್ಲ.

ಬಾಕಿಯನ್ನು ಒಟ್ಟು ಮೊತ್ತವಾಗಿ ಇಳಿಸದೆ ಬಿಲ್ಲುವಾರು, ದಿನಾಂಕ ಸಹಿತ ಇಳಿಸಬೇಕೆಂದು ಒತ್ತಿ ಹೇಳುತ್ತೇನೆ. ಸೂಕ್ಷ್ಮ ಮತ್ತು ಸಣ್ಣ ಕೈಗಾರಿಕೆಗಳಿಂದ ಕೊಂಡ ಸರಕಿನ ಹಣ ಪಾವತಿಗೆ 2006ರ ಕಾಯಿದೆ ಹೆಚ್ಚೆಂದರೆ 45 ದಿನಗಳನ್ನು ಕೊಡುತ್ತದೆ. ದಿನಾಂಕವೇ ಇಲ್ಲದ ಒಟ್ಟು ಬಾಕಿಯಲ್ಲಿ 45 ದಿನವನ್ನು ಎಲ್ಲಿಂದ ಎಣಿಸುವುದು?

ಗಿರಾಕಿಗಳ ಪಟ್ಟಿಯನ್ನು ಫಿಕ್ಸ್‌ಚರ್ ಮೂಲಕ ತುಂಬುವ ಅಡ್ಡದಾರಿ ಹಿಡಿಯುವವರು ಇನ್ನೊಂದನ್ನು ತಿಳಿದಿರಬೇಕು. ಲೋಡ್‌ಡೇಟಾ ಸಾಲುಗಳನ್ನು ನೇರವಾಗಿ ಇಳಿಸುತ್ತದೆ. ಪ್ಲಗಿನ್ ಬರೆದವರು ಉಳಿಸುವ ಹಂತದಲ್ಲಿ ಇಟ್ಟಿರುವ ತಪಾಸಣೆಗಳನ್ನು ಅದು ಕರೆಯುವುದಿಲ್ಲ. ಜಿಎಸ್‌ಟಿ ನೋಂದಣಿ ಸಂಖ್ಯೆಯ ಕೊನೆಯ ಅಕ್ಷರ ಉಳಿದ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಕ್ಷರ. ಪರದೆಯಲ್ಲಿ ಟೈಪು ಮಾಡಿದಾಗ ಅದು ತಪ್ಪನ್ನು ಹಿಡಿಯುತ್ತದೆ. ಫಿಕ್ಸ್‌ಚರ್‌ನಲ್ಲಿ ಬಂದರೆ ತಪ್ಪು ಸಂಖ್ಯೆಯೂ ತಲೆಯೆತ್ತಿಕೊಂಡೇ ಒಳಗೆ ಹೋಗುತ್ತದೆ. ಮುಂದೆ ಆ ಬಿಲ್ಲಿನ ಹೂಡುವಳಿ ತೆರಿಗೆ ಗಿರಾಕಿಗೆ ಕಾಣದೆ ಹೋದಾಗ ದೂರು ನಿಮಗೆ ಬರುತ್ತದೆ. ಪ್ರತ್ಯೇಕ ಆಜ್ಞೆಯಲ್ಲಿ ಒಂದೊಂದು ಸಾಲಿಗೂ ಪೂರ್ಣ ತಪಾಸಣೆಯನ್ನು ಕರೆಯಿಸಬೇಕು.

ಹಳೆಯ ತಂತ್ರಾಂಶದ ಕ್ರಮಸಂಖ್ಯೆಗಳನ್ನೇ ಉಳಿಸಿಕೊಂಡು ಸಾಲುಗಳನ್ನು ತುಂಬುವ ಆಸೆ ಕೆಲವರಿಗೆ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದಲ್ಲಿ ಮುಂದಿನ ಸಂಖ್ಯೆ ಯಾವುದೆಂದು ಎಣಿಸುವ ಪ್ರತ್ಯೇಕ ಎಣಿಕೆ ಇರುತ್ತದೆ. ನಾವೇ ಸಂಖ್ಯೆ ಕೊಟ್ಟು ತುಂಬಿದಾಗ ಆ ಎಣಿಕೆ ಮುಂದೆ ಸಾಗುವುದಿಲ್ಲ. ಮರುದಿನ ಮೊದಲ ಹೊಸ ಗಿರಾಕಿಯನ್ನು ಸೇರಿಸಿದಾಗ ‘ಈ ಸಂಖ್ಯೆ ಆಗಲೇ ಇದೆ’ ಎಂದು ತಕರಾರು ಬರುತ್ತದೆ. ಲೋಡ್‌ಡೇಟಾ ತಾನು ತುಂಬಿದ ಕೋಷ್ಟಕಗಳ ಎಣಿಕೆಯನ್ನು ತಾನೇ ಸರಿಪಡಿಸುತ್ತದೆ. ಸ್ವಂತವಾಗಿ ಬರೆದ ಆಜ್ಞೆಯಲ್ಲಿ ಅದನ್ನು ನಾವೇ ಮಾಡಬೇಕು.

ಬೇರೆ ಚೌಕಟ್ಟು ಬಳಸುವ ಸದಸ್ಯರಿಗೂ ಪ್ರಶ್ನೆಗಳು ಇವೇ. ರೂಬಿ ಆನ್ ರೈಲ್ಸ್‌ನಲ್ಲಿ 2009ರಿಂದ ಸೀಡ್ಸ್ ಎಂಬ ಕಡತವಿದೆ. ಆಜ್ಞೆ ಕೊಟ್ಟಷ್ಟು ಸಲ ಅದು ಮೊದಲಿನಿಂದ ನಡೆಯುತ್ತದೆ. ಗ್ರೇಲ್ಸ್‌ನಲ್ಲಿ ಬೂಟ್‌ಸ್ಟ್ರಾಪ್ ಕಡತ ತಂತ್ರಾಂಶ ಆರಂಭವಾದಾಗಲೆಲ್ಲ ನಡೆಯುತ್ತದೆ. ಇದ್ದರೆ ಮುಟ್ಟಬೇಡ ಎಂಬ ಷರತ್ತನ್ನು ಬರೆಯುವವರೇ ಹಾಕಬೇಕು.

ಸಿಮೆಂಟಿನ ಸಂಸ್ಥೆಯವರು ಈಗ ಒಂದು ಪರೀಕ್ಷೆಯನ್ನು ರೂಢಿಗೆ ತಂದಿದ್ದಾರೆ. ಹೊಸ ಆವೃತ್ತಿ ಬಂದಾಗ ಮೊದಲು ಒಂದು ಖಾಲಿ ಯಂತ್ರದಲ್ಲಿ ಅದನ್ನು ಅಳವಡಿಸುತ್ತಾರೆ. ಒಂದು ಸರಕಿನ ದರವನ್ನೂ ಒಂದು ಗುಂಪಿನ ಅನುಮತಿಯನ್ನೂ ಬೇಕೆಂದೇ ಬದಲಾಯಿಸುತ್ತಾರೆ. ಒಂದೊಂದು ಕೋಷ್ಟಕದಲ್ಲಿ ಎಷ್ಟು ಸಾಲುಗಳಿವೆ ಎಂದು ಬರೆದಿಟ್ಟುಕೊಂಡು, ಅಳವಡಿಕೆಯನ್ನು ಪೂರ್ತಿಯಾಗಿ ಎರಡನೆಯ ಸಲ ನಡೆಸುತ್ತಾರೆ. ಬದಲಾಯಿಸಿದ್ದು ಬದಲಾಯಿಸಿದಂತೆಯೇ ಇರಬೇಕು, ಸಾಲುಗಳ ಸಂಖ್ಯೆ ಒಂದೂ ಹೆಚ್ಚಬಾರದು. ಮೊದಲ ಸಲ ಈ ಪರೀಕ್ಷೆ ಮಾಡಿದಾಗ ದರಗಳು ಸರಿಯಾಗಿದ್ದವು, ಅನುಮತಿಗಳೂ ಉಳಿದಿದ್ದವು. ಅಳತೆಗಳ ಕೋಷ್ಟಕದಲ್ಲಿ ಮಾತ್ರ ಚೀಲವೂ ಕಿಲೋವೂ ಎರಡೆರಡು ಬಾರಿ ಕಾಣಿಸಿಕೊಂಡವು. ಅಲ್ಲಿ ಯಾರೋ ಷರತ್ತಿಲ್ಲದೆ ಬರಿಯ ‘ಸೇರಿಸು’ ಎಂದು ಬರೆದಿದ್ದರು. ಅಳತೆಯ ಸಂಕೇತ ಎರಡು ಸಲ ಬರಕೂಡದೆಂಬ ನಿರ್ಬಂಧವನ್ನು ಆ ಕೋಷ್ಟಕಕ್ಕೇ ಹಾಕಿಸಿದ ಮೇಲೆ ಲೆಕ್ಕಿಗರು ಅಳವಡಿಕೆಯ ಪತ್ರಕ್ಕೆ ಸಹಿ ಹಾಕಿದರು.